ಗಣಿತಸಾರಸಂಗ್ರಹದ ಚತುರ್ಭುಜ: ಬೋಧನೆಯ ದೃಷ್ಟಿಯಿಂದ ಒಂದು ವಿಮರ್ಶೆ

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹವನ್ನು ಚರಿತ್ರೆಯ ದೃಷ್ಟಿಯಿಂದ ಕೊಂಡಾಡಿದವರು ಹಲವರುಂಟು. 1912ರಲ್ಲಿ ರಂಗಾಚಾರ್ಯರು ಅದನ್ನು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಅದರ ಕೀರ್ತಿ ಇನ್ನಷ್ಟು ಹಬ್ಬಿತು. ಆದರೆ ಅದು ಮೂಲತಃ ಕಲಿಸುವ ಗ್ರಂಥ. ಆ ದೃಷ್ಟಿಯಿಂದ ಅದರ ಗುಣದೋಷಗಳನ್ನು ಒಂದೇ ಪ್ರಕರಣದ ಮೂಲಕ ಪರಿಶೀಲಿಸುವುದು ನಮ್ಮ ಉದ್ದೇಶ.

ಕ್ಷೇತ್ರಗಣಿತದಲ್ಲಿ ಆಚಾರ್ಯನು ವ್ಯಾವಹಾರಿಕ ಫಲ, ಸೂಕ್ಷ್ಮ ಫಲ ಎಂದು ಎರಡು ಬಗೆ ಮಾಡುತ್ತಾನೆ. ಎದುರುಬದುರಾದ ಭುಜಗಳ ಮೊತ್ತದ ಅರ್ಧಗಳನ್ನು ಗುಣಿಸಿದರೆ ಚತುರ್ಭುಜದ ವ್ಯಾವಹಾರಿಕ ಫಲ ಬರುತ್ತದೆ. ಸ್ಥೂಲವಾದುದನ್ನು ಸ್ಥೂಲವೆಂದೇ ಹೇಳುವ ಈ ಪ್ರಾಮಾಣಿಕತೆ ಶ್ಲಾಘ್ಯವಾದುದು. ಸೂಕ್ಷ್ಮ ಫಲಕ್ಕಾದರೋ ಭುಜಗಳ ಮೊತ್ತದ ಅರ್ಧದಿಂದ ಒಂದೊಂದು ಭುಜವನ್ನೂ ಕಳೆದು, ಉಳಿದ ನಾಲ್ಕನ್ನು ಗುಣಿಸಿ, ವರ್ಗಮೂಲ ತೆಗೆಯಬೇಕು. 628ರಲ್ಲಿ ಬ್ರಹ್ಮಗುಪ್ತನು ಹೇಳಿದ್ದ ಈ ಸೂತ್ರವು ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಬೀಳುವ ಚತುರ್ಭುಜಕ್ಕೆ ಮಾತ್ರ ಸಲ್ಲುತ್ತದೆ. ಆ ನಿಬಂಧನೆಯನ್ನು ಮಹಾವೀರನು ಹೇಳಿಲ್ಲ.

ಇದರ ಪರಿಣಾಮವನ್ನು ಜಮಖಂಡಿ ಸೀಮೆಯ ಸಾವಳಗಿಯಂಥ ಊರಿನ ಶಾಲೆಯಲ್ಲಿ ತೋರಿಸಲು ಉಪಕರಣಗಳೇನೂ ಬೇಡ. ಐದೈದು ಗೇಣಿನ ನಾಲ್ಕು ಜೋಳದ ದಂಟುಗಳ ತುದಿಗಳನ್ನು ದಾರದಿಂದ ಕಟ್ಟಿದರೆ ಸಾಕು. ಚೌಕವಾಗಿ ನಿಲ್ಲಿಸಿದಾಗ ಕ್ಷೇತ್ರಫಲ 25 ಚದರ ಗೇಣು. ಎದುರು ಮೂಲೆಗಳನ್ನು ಒತ್ತಿ ಕರ್ಣಗಳನ್ನು 6 ಮತ್ತು 8 ಗೇಣು ಮಾಡಿದರೆ ಫಲ 24. ಇನ್ನೂ ಒತ್ತಿದರೆ ಶೂನ್ಯದತ್ತ ಇಳಿಯುತ್ತದೆ. ಸೂತ್ರವು ಮಾತ್ರ ಯಾವಾಗಲೂ 25 ಎನ್ನುತ್ತದೆ. ನಾಲ್ಕು ಭುಜಗಳು ಆಕೃತಿಯನ್ನು ನಿಶ್ಚಯಿಸಲಾರವು. ಒಂದು ಕರ್ಣ ತಿಳಿದರೆ ಎರಡು ತ್ರಿಭುಜಗಳಾಗಿ ಅದು ನಿಶ್ಚಿತವಾಗುತ್ತದೆ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನು ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಫಲ ಕೇಳುವವನನ್ನೂ, ಕೇಳಿದೊಡನೆ ಉತ್ತರ ಕೊಡುವವನನ್ನೂ ಕಟುವಾಗಿ ಹಳಿದಿರುವುದು ಇದಕ್ಕಾಗಿಯೇ.

ಸೂತ್ರವು ಕಂಠಪಾಠಕ್ಕಾಗಿ ಹುಟ್ಟಿದ್ದು, ವಿವರಣೆ ಗುರುಮುಖದಿಂದ ಬರತಕ್ಕದ್ದು ಎಂದು ಮಹಾವೀರನ ಪರವಾಗಿ ವಾದಿಸಬಹುದು. ವಾದವು ಯುಕ್ತವೇ. ಆದರೆ ಅದನ್ನು ಒಪ್ಪಿದೊಡನೆ ಹೊಣೆಯು ಗ್ರಂಥಕರ್ತನಿಂದ ಅಧ್ಯಾಪಕನ ಹೆಗಲಿಗೆ ಬರುತ್ತದೆ. ನಮ್ಮ ತರಗತಿಗಳಲ್ಲಿ ವಿದ್ಯಾರ್ಥಿಯು ಮೊದಲು ಕೇಳುವುದು ‘ಯಾವ ಸೂತ್ರ ಹಾಕಬೇಕು?’ ಎಂದು. ‘ಕೊಟ್ಟಿರುವುದು ಸಾಲುವುದೇ?’ ಎಂದು ಕೇಳುವಂತೆ ಅವನನ್ನು ಪಳಗಿಸುವ ಪ್ರಶ್ನೆಗಳು ನಮ್ಮ ಪರೀಕ್ಷೆಗಳಲ್ಲಿ ವಿರಳ. ಉತ್ತರವೇ ಇಲ್ಲದ ಪ್ರಶ್ನೆಯನ್ನು ಗುರುತಿಸಿ, ಇಲ್ಲವೆನ್ನಲು ಕಾರಣ ಕೊಡಬಲ್ಲವನಿಗೂ ಪೂರ್ಣಾಂಕ ದೊರೆಯಬೇಕು. ಮಹಾವೀರನ ಗ್ರಂಥವನ್ನು ಅದರ ಕೊರತೆಯೊಡನೆಯೇ ತರಗತಿಯಲ್ಲಿ ಓದಿಸುವುದು ಆ ಆಚಾರ್ಯನಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಗೌರವವೆಂದು ನಮ್ಮ ಅಭಿಪ್ರಾಯ.