ಕಲ್ಲಂಗಡಿ ಬೀಜಕ್ಕೆ ಬೇಕಾದ ಬಿಸಿ

ಶಿವರಾತ್ರಿಯ ಮಾರುಕಟ್ಟೆ ಹಿಡಿಯಲೆಂದು ಡಿಸೆಂಬರ್‌ನ ಚಳಿಯಲ್ಲೇ ಕಲ್ಲಂಗಡಿ ಬಿತ್ತುವ ಕಡೆಗಳಲ್ಲಿ, ಹುಟ್ಟದ ಬೀಜವನ್ನು ಕಳಪೆಯೆಂದು ದೂರುವುದು ವಾಡಿಕೆಯಾಗಿದೆ. ಮಣ್ಣಿನ ಉಷ್ಣತೆಯನ್ನು ಅಳೆಯದೆ ಬೀಜದ ಮೇಲೆ ತೀರ್ಪು ಕೊಡುವುದು ಅನ್ಯಾಯ. ಸುಮಾರು 16 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಮಣ್ಣಿನಲ್ಲಿ ಈ ಬೀಜ ಮೊಳೆಯುವುದೇ ಅಪರೂಪ. 20 ಡಿಗ್ರಿಯಲ್ಲಿ ಸಸಿ ಮೇಲೇಳಲು ಹೆಚ್ಚುಕಡಿಮೆ 12 ದಿನ ಹಿಡಿದರೆ, 25 ಡಿಗ್ರಿಯಲ್ಲಿ 5 ದಿನ, 35 ಡಿಗ್ರಿಯಲ್ಲಿ 3 ದಿನ ಸಾಕಾಗುತ್ತದೆ, 40 ದಾಟಿದರೆ ಮೊಳಕೆ ಮತ್ತೆ ಕುಗ್ಗುತ್ತದೆ.

ಒಣಬೀಜ ನೀರು ಹೀರುವುದು ಕೇವಲ ಭೌತಿಕ ಕ್ರಿಯೆಯಾದ್ದರಿಂದ ಅದು ಚಳಿಯಲ್ಲೂ ನಡೆಯುತ್ತದೆ. ಆದರೆ ಬೀಜದಳಗಳಲ್ಲಿ ಕೂಡಿಟ್ಟ ಎಣ್ಣೆಯನ್ನು ಸಕ್ಕರೆಯಾಗಿಸುವ ಕಿಣ್ವಗಳು, ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳು, ತಂಪಿನಲ್ಲಿ ಮಂದವಾಗುತ್ತವೆ. ನೀರುಂಡು ಉಬ್ಬಿಯೂ ಬೆಳೆಯಲಾರದ ಇಂಥ ಬೀಜವನ್ನು ಒದ್ದೆ ಮಣ್ಣಿನ ಶಿಲೀಂಧ್ರಗಳು ಕೊಳೆಸಿಬಿಡುತ್ತವೆ. ಆದ್ದರಿಂದ ರಾತ್ರಿ ನೆನೆಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಪಂಥದ ವಾದ ನಿಲ್ಲುವುದಿಲ್ಲ: ನೆನೆಸುವುದರಿಂದ ನೀರಿನ ಕೊರತೆ ನೀಗುತ್ತದೆಯೇ ಹೊರತು ಬಿಸಿಯ ಕೊರತೆಯಲ್ಲ. ಬೆಳಗಿನ ಹೊತ್ತು ಬೀಜ ಕೂರುವ ಆಳಕ್ಕೆ ಇಳಿಸಿದ ಉಷ್ಣಮಾಪಕವು ಪಂಚಾಂಗಕ್ಕಿಂತಲೂ ನೆನೆಹಾಕಿದ ಬಟ್ಟಲಿಗಿಂತಲೂ ನಂಬಿಕೆಗೆ ಅರ್ಹವಾದುದು.

ಈ ಮಾತು ಬೀಜರಹಿತ ಕಲ್ಲಂಗಡಿಗಂತೂ ಇಮ್ಮಡಿಯಾಗಿ ಅನ್ವಯಿಸುತ್ತದೆ. ಜಪಾನಿನ ತಳಿವಿಜ್ಞಾನಿ ಹಿತೋಶಿ ಕಿಹಾರಾ ರೂಪಿಸಿದ ಮಾರ್ಗದಲ್ಲಿ, 44 ವರ್ಣತಂತುಗಳ ಗಿಡವನ್ನು 22 ವರ್ಣತಂತುಗಳ ಗಿಡದೊಂದಿಗೆ ಸಂಕರಿಸಿ 33 ವರ್ಣತಂತುಗಳ ತ್ರಿಗುಣಿತ ಬೀಜವನ್ನು ಪಡೆಯಲಾಗುತ್ತದೆ. ಈ ಬೀಜದ ಸಿಪ್ಪೆ ದಪ್ಪ, ಒಳಗಿನ ಭ್ರೂಣ ಚಿಕ್ಕದು. ಹೀಗಾಗಿ ಅದಕ್ಕೆ 30 ಡಿಗ್ರಿಯ ಆಸುಪಾಸಿನ ಸ್ಥಿರವಾದ ಬಿಸಿ ಬೇಕು, ನೀರು ಹೆಚ್ಚಾದರೆ ತಾಳದು. ಸಾಮಾನ್ಯ ತಳಿಗೆ ಹೊಲದ ಮಣ್ಣೇ ಸಾಕಾದರೂ ತ್ರಿಗುಣಿತಕ್ಕೆ ಸಸಿ ಬೆಳೆಸುವ ಗುಳಿಗಳುಳ್ಳ ಪ್ರೋಟ್ರೇಯೇ ಸೂಕ್ತವಾಗುವುದು ಈ ಕಾರಣಕ್ಕೆ. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಬಿಸಿಯೂ ಹದವೂ ಉಳಿಯುತ್ತವೆ. ಆದರೆ ಮೊದಲ ಮೊಳಕೆ ಇಣುಕಿದೊಡನೆ ಬಿಡಿಸಿ ಬೆಳಕಿಗೆ ಹರಡದಿದ್ದರೆ ಸಸಿಗಳು ಬಿಳಚಿಕೊಂಡು ನೀಳವಾಗಿ ಬಾಗುತ್ತವೆ.

ತ್ರಿಗುಣಿತ ಸಸಿ ಅನೇಕ ವೇಳೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತೇ ಮೇಲೇಳುವುದರಿಂದ ಬೀಜದಳಗಳು ಬಿಚ್ಚಿಕೊಳ್ಳಲಾರವು. ಬಿತ್ತುವಾಗಲೇ ಬೀಜದ ಚೂಪು ತುದಿಯನ್ನು ಮೇಲಕ್ಕಿಟ್ಟರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಅಂಟಿಯೇ ಉಳಿದ ಸಿಪ್ಪೆಯನ್ನು ನೀರು ಚಿಮುಕಿಸಿ ಮೆತ್ತಗಾಗಿಸಿದ ಮೇಲಷ್ಟೇ ಬಿಡಿಸಬೇಕು; ಒಣಗಿದ್ದಾಗ ಎಳೆದರೆ ಎಳೆಯ ಬೀಜದಳವೂ ಅದರೊಂದಿಗೆ ಹರಿದು ಬರುತ್ತದೆ.