ಉತ್ತಂಗಿಯವರು ಕಂಡ ಸರ್ವಜ್ಞ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಸಂತೆಯಲ್ಲಿಯೂ ಜಗುಲಿಯಲ್ಲಿಯೂ ಸರ್ವಜ್ಞನ ತ್ರಿಪದಿ ಗಾದೆಯಾಗಿ ನಿಂತಿದೆ. ಮಾಸೂರು, ಅಬಲೂರುಗಳು ಆತನನ್ನು ತಮ್ಮವನೆನ್ನುತ್ತವೆ. ಚದುರಿದ್ದ ಆ ತ್ರಿಪದಿಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದವರು ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಉತ್ತಂಗಿ ಚನ್ನಪ್ಪನವರು (1881–1962). ಜಾತಿಭೇದವನ್ನೂ ಡಾಂಭಿಕ ಪೂಜೆಯನ್ನೂ ಸರ್ವಜ್ಞನು ಹಳಿದುದರಲ್ಲಿ ಪಾದ್ರಿಗಳು ತಮ್ಮ ಮತದ ಬೆಂಬಲವನ್ನೇ ಕಂಡರೆನ್ನಬಹುದು. ಅದು ಅರ್ಧಸತ್ಯ. ಮತಪ್ರಚಾರವೊಂದೇ ಗುರಿಯಾಗಿದ್ದರೆ ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಲು ಗ್ರಂಥವನ್ನೇ ಬರೆಯುವ ಶ್ರಮವೇಕೆ? (1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿ ಅವರಿಗೆ ಬಂದುದು ಬರಿಯ ಉಪಚಾರವಲ್ಲ.) ಅವರ ಯೇಸುಭಕ್ತಿ ಶರಣರ ನುಡಿಯಲ್ಲಿ ಮಿಂದ ಭಕ್ತಿ, ಆದುದರಿಂದಲೇ ದಯೆ, ಕಾಯಕ, ಸಮಾನತೆಗಳು ಅವರ ಲೇಖನಿಗೆ ಪರಕೀಯವಾಗಲಿಲ್ಲ. ಆದರೆ ಸರ್ವಜ್ಞನ ಸ್ವಂತ ತ್ರಿಪದಿ ಯಾವುದು, ಜನರು ಸೇರಿಸಿದ್ದು ಯಾವುದು ಎಂಬ ಪ್ರಶ್ನೆ ಆ ಸಂಗ್ರಹದಿಂದ ಬಗೆಹರಿಯಲಿಲ್ಲ.