ಓಡಿಸಿದ ಪದಗಳು, ಉಳಿದ ಪೇಶ್ವೆ

ತುರ್ಕಿಯವರು ಶಾಲೆಗೆ ‘ಒಕುಲ್’ ಅನ್ನುತ್ತಾರೆ. ಮೊದಲು ಅರಬ್ಬಿಯಿಂದ ಬಂದ ‘ಮೆಕ್ತೆಪ್’ ಇತ್ತು. 1932ರಲ್ಲಿ ಅತಾತುರ್ಕ್ ಭಾಷಾ ಸಂಸ್ಥೆ ಕಟ್ಟಿ ಅರಬ್ಬಿ, ಫಾರಸಿ ಪದಗಳನ್ನು ಗುಡಿಸಲು ಹೊರಟ ಕಾಲದಲ್ಲಿ ‘ಒಕುಲ್’ ನೆಲೆಯೂರಿತು. ‘ಒಕು’ ಎಂದರೆ ಓದು, ಅಚ್ಚ ತುರ್ಕಿ ಧಾತು. ಕೊನೆಯ ‘ಲ್’ ಮಾತ್ರ ಅಲ್ಲಿನ ವ್ಯಾಕರಣಕ್ಕೆ ಒಗ್ಗುವಂಥದ್ದಲ್ಲ. ಅದರ ಹಿಂದೆ ಫ್ರೆಂಚಿನ ‘ಎಕೋಲ್’ ಇಣುಕುತ್ತದೆ. ಕಳ್ಳದಾರಿಯೇ ಸರಿ, ಆದರೆ ಮಕ್ಕಳ ಬಾಯಿಗೆ ಹತ್ತಿತು.

ಶಿವಾಜಿ ಬರೆಸಿದ ‘ರಾಜವ್ಯವಹಾರಕೋಶ’ವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ರಘುನಾಥ ನಾರಾಯಣ ಹಣಮಂತೆಯ ಹೊಣೆಯಲ್ಲಿ ಸಿದ್ಧವಾದ ಈ ಕೋಶ ಅಮರಕೋಶದ ಜಾಡಿನಲ್ಲಿ, ಹತ್ತು ವರ್ಗಗಳಲ್ಲಿ, ಸುಮಾರು 1380 ದರ್ಬಾರಿ ಪದಗಳಿಗೆ ಸಂಸ್ಕೃತದ ಬದಲಿಗಳನ್ನು ಶ್ಲೋಕದಲ್ಲಿ ಕೊಡುತ್ತದೆ. ಸಾಹಸ ದೊಡ್ಡದು. ಆದರೆ ಶ್ಲೋಕ ಕಟ್ಟಿದವರು ಕಚೇರಿಯ ಕಾರಕೂನನ ಕಿವಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ. ದಿನವಿಡೀ ಲೆಕ್ಕ ಬರೆಯುವವನಿಗೆ ಬೇಕಾದದ್ದು ಛಂದಸ್ಸಿಗೆ ಹೊಂದುವ ಪದವಲ್ಲ, ನಾಲಿಗೆಗೆ ಹೊಂದುವ ಪದ.

ಫಲ ಪುಣೆಯಲ್ಲೇ ಕಾಣುತ್ತದೆ. ಶಿವಾಜಿಯ ಹೊಸ ಏರ್ಪಾಟಿನಲ್ಲಿ ಪೇಶ್ವೆ ‘ಪ್ರಧಾನ’ನಾದ, ಮುಜುಮದಾರ ‘ಅಮಾತ್ಯ’ನಾದ, ಸರ್ನೋಬತ್ ‘ಸೇನಾಪತಿ’ಯಾದ. ಮುದ್ರೆಯಲ್ಲಿ ‘ಪ್ರಧಾನ’ ಉಳಿದರೂ, ಶನಿವಾರವಾಡೆ ಕಟ್ಟಿ ಆಳಿದವರನ್ನು ಜನ ಕರೆದದ್ದು ಪೇಶ್ವೆಯರೆಂದೇ. ಅವರ ಕಾಗದಪತ್ರಗಳ ರಾಶಿಗೆ ‘ಪೇಶವೆ ದಫ್ತರ’ವೆಂದೇ ಹೆಸರು; ಎರಡೂ ಫಾರಸಿಯ ಮೂಲಕ ಬಂದವು. (ಪೇಶ್ವೆಯರ ಮಂತ್ರಿ ನಾನಾ ಫಡನವೀಸನ ಹೆಸರಿನಲ್ಲೂ ‘ನವೀಸ’ ಫಾರಸಿಯೇ.)

ಹಾಗೆಂದು ಕೋಶ ಸೋತಿತೆನ್ನಲಾರೆ. ಹದಿನೇಳನೆಯ ಶತಮಾನದ ದಖನ್ನಿನ ಕೋಟೆ, ಅಡುಗೆಮನೆ, ಸಂತೆಗಳಲ್ಲಿ ಯಾವ ಫಾರಸಿ, ಅರಬ್ಬಿ ಪದಗಳು ಓಡಾಡುತ್ತಿದ್ದವೆಂದು ತಿಳಿಯಲು ಇಷ್ಟು ಅಚ್ಚುಕಟ್ಟಾದ ಆಕರ ಅಪರೂಪ. ಓಡಿಸಬೇಕಾದವುಗಳನ್ನು ಮೊದಲು ಪಟ್ಟಿ ಮಾಡಬೇಕಲ್ಲ!

ಇಪ್ಪತ್ತನೆಯ ಶತಮಾನದಲ್ಲಿ ಸಾವರ್ಕರ್ ಇದೇ ಕೆಲಸಕ್ಕೆ ಮತ್ತೆ ಕೈಹಾಕಿದರು. ಅವರ ಬಳಗ ಬಳಕೆಗೆ ತಂದ ‘ದಿನಾಂಕ’ ನಮ್ಮ ಅರ್ಜಿಗಳಲ್ಲೂ ಇದೆ, ಆದರೆ ಮಾತಿನಲ್ಲಿ ಈಗಲೂ ‘ಇವತ್ತು ಎಷ್ಟನೇ ತಾರೀಖು?’ ಎಂದೇ ಕೇಳುತ್ತೇವೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಫಾರಸಿ ಕಲಿಸಿದ ಕವಿ ಮಾಧವ ಜೂಲಿಯನ್ 1925ರಲ್ಲಿ ಫಾರಸಿ–ಮರಾಠಿ ಕೋಶ ಮಾಡಿದರು. ಮುಂದೆ ಅವರೇ ಭಾಷಾಶುದ್ಧಿಯ ಪರ ವಾದಕ್ಕೆ ನಿಂತರು. ಮರಾಠಿಯಲ್ಲಿ ಬೆರೆತ ಫಾರಸಿಯನ್ನು ನನಗೆ ಚೆನ್ನಾಗಿ ತೋರಿಸುವುದು ಅವರ ವಾದವಲ್ಲ, ಆ ಕೋಶ.